ಬೈದವನ ಮನೆಯ ಊಟ

ನಮ್ಮ ಊರಿನಲ್ಲಿ ಆಟಗಾರನನ್ನು ಹೆಸರು ಹಿಡಿದು ಬೈದವನು ಮುಂದಿನ ಭಾನುವಾರ ಅವನನ್ನು ಮನೆಗೆ ಕರೆದು ಊಟ ಹಾಕಬೇಕು. ಊಟವಾದ ಮೇಲೆ ತಾನು ಬೈದದ್ದನ್ನು ಚೀಟಿ ನೋಡಿಕೊಂಡು, ಕೂತವರೆಲ್ಲರ ಎದುರಿಗೆ, ಒಂದಕ್ಷರ ಬಿಡದೆ ಓದಬೇಕು. ಆಟಗಾರ ಕೇಳಿಸಿಕೊಂಡು ಚೀಟಿಯ ಕೆಳಗೆ ರುಜು ಹಾಕಿದರೆ ಅಲ್ಲಿಗೆ ಮುಗಿಯಿತು. ಅವನು ಮೈದಾನಕ್ಕೆ, ನೀವು ನಿಮ್ಮ ಕೆಲಸಕ್ಕೆ. ಇದನ್ನು ಯಾರು ಮಾಡಿದರು, ಎಂದು ಮಾಡಿದರು ಅಂತ ನಾನು ಯಾರನ್ನೂ ಕೇಳಿದವನಲ್ಲ. ನನ್ನ ಅಪ್ಪ ಊಟ ಹಾಕಿದ್ದರು, ಅವರ ಅಪ್ಪನೂ ಹಾಕಿದ್ದರಂತೆ.

ಊರು ಇದಕ್ಕೆ ಹೊಂದಿಕೊಂಡೇ ನಡೆಯುತ್ತದೆ. ಬೇಸಗೆಯ ಬೇಸ್‌ಬಾಲ್ ಶುರುವಾಗುವ ಮೊದಲು ಹೆಂಗಸರು ಹಪ್ಪಳ ಸಂಡಿಗೆಯನ್ನು ಒಂದು ಡಬ್ಬ ಹೆಚ್ಚಿಗೆ ಮಾಡಿಡುತ್ತಾರೆ. ಚಳಿಗಾಲದ್ದು ಬ್ಯಾಸ್ಕೆಟ್‌ಬಾಲ್. ಆ ಆಟಗಾರರು ತೆಂಗಿನಮರದಂಥವರು, ಹಾಗಾಗಿ ಬಾಯಿ ಹಿಡಿತವಿಲ್ಲದವರು ಮನೆ ಕಟ್ಟಿಸುವಾಗ ಬಾಗಿಲನ್ನು ಒಂದು ಗೇಣು ಎತ್ತರಿಸುತ್ತಾರೆ. ಊಟ ಹಾಕಲು ಅನುಕೂಲವಿಲ್ಲದವರು ಸಿಟ್ಟು ಬಂದಾಗ ಕೆಮ್ಮುತ್ತಾರೆ. ಹೊರಗಿನಿಂದ ಬಂದವರು ನಮ್ಮ ಕ್ರೀಡಾಂಗಣದ ಕೆಮ್ಮು ಕೇಳಿ, ಈ ಊರಿನ ನೀರೇ ಸರಿಯಿಲ್ಲ ಎಂದುಕೊಳ್ಳುವುದುಂಟು. ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಒಳ್ಳೆಯ ಆಟಗಾರರನ್ನು ಮನೆಗೆ ಕರೆಸಿ ಫೋಟೊ ತೆಗೆಸಿಕೊಳ್ಳುವ ಆಸೆಗೆ ಸುಮ್ಮಸುಮ್ಮನೆ ಬೈಯುತ್ತಿದ್ದರು. ಬೈದದ್ದನ್ನು ಚೀಟಿಯಲ್ಲಿ ಬರೆದು ಆಟಗಾರನಿಗೆ ಕೊಡುವ ಫ್ಲೋರಾ ಟೀಚರ್, "ಇದು ಹೊಟ್ಟೆಯಿಂದ ಬಂದದ್ದಲ್ಲ" ಎಂದು ಅವರ ಎದುರಿಗೇ ಚೀಟಿ ಹರಿದು ಹಾಕಿದರು.

ನನ್ನದು ಮಾತ್ರ ಯಾವಾಗಲೂ ಹೊಟ್ಟೆಯಿಂದಲೇ ಬರುತ್ತಿತ್ತು. ನಾನು ವಿರೂಪಾಕ್ಷ. ಬಸ್ ನಿಲ್ದಾಣದಲ್ಲಿ ಮೈಕ್ ಹಿಡಿದು ಯಾವ ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ಕೂಗುವ ಕೆಲಸ, ಇಪ್ಪತ್ತೆಂಟು ವರ್ಷದಿಂದ. ಊರಿನಲ್ಲಿ ನನ್ನ ಮುಖ ಗೊತ್ತಿಲ್ಲದವರು ಇರಬಹುದು, ದನಿ ಗೊತ್ತಿಲ್ಲದವರಿಲ್ಲ. ಕ್ರೀಡಾಂಗಣದಲ್ಲಿ ನನ್ನ ಜಾಗ ಮೂರನೇ ಸಾಲಿನ ಕೊನೆ. ಪಕ್ಕದಲ್ಲಿ ಟೈರ್ ಅಂಗಡಿಯ ಬಷೀರ್. ಮೈದಾನದಲ್ಲಿ ಯಾರಾದರೂ ಎಡವಟ್ಟು ಮಾಡಿದರೆ ಸುತ್ತಲಿನ ನಾಲ್ಕು ಸಾಲು ಆಟಗಾರನನ್ನು ಬಿಟ್ಟು ನನ್ನನ್ನು ನೋಡುತ್ತಿತ್ತು. "ಬರ್ಲಿ ಸಾರ್" ಎಂದು ಬಷೀರ್ ಮೊಣಕೈಯಿಂದ ತಿವಿಯುತ್ತಿದ್ದ. ಆ ತಿವಿತ ನನಗೆ ಎಷ್ಟು ಇಷ್ಟವಾಗಿತ್ತು ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಆಟ ನೋಡಲು ಹೋಗುತ್ತಿದ್ದೆ ಎಂದು ಎಷ್ಟೋ ವರ್ಷ ನಾನೇ ನಂಬಿಕೊಂಡಿದ್ದೆ.

ಎರಡೂ ಆಟಗಳ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯಗಳಿದ್ದವು. ಬೇಸ್‌ಬಾಲ್ ಕಾಯಲು ಬರುವವರ ಆಟ, ಬ್ಯಾಸ್ಕೆಟ್‌ಬಾಲ್ ಕಾಯಲಾರದವರ ಆಟ. ಚೆಂಡೆಸೆಯುವವನ ಭುಜ ಇಳಿದದ್ದು ಕಂಡ ಮೇಲೂ ಅವನನ್ನು ಬದಲಾಯಿಸದ ಕೋಚ್‌ಗೆ ಕಣ್ಣಿಲ್ಲ. ಫ್ರೀ ಥ್ರೋ ಎಸೆಯುವ ಮುಂಚೆ ಮೂರು ಸಲ ಕೈ ಒರೆಸಿಕೊಳ್ಳುವವನು ಬುಟ್ಟಿಗೆ ಹಾಕುವುದಿಲ್ಲ. ಈ ಅಭಿಪ್ರಾಯಗಳಿಗಾಗಿ ನನ್ನ ಹೆಂಡತಿ ಗಿರಿಜಾ ಅಲ್ಲಿಯವರೆಗೆ ಹನ್ನೊಂದು ಮಂದಿ ಆಟಗಾರರಿಗೆ ಅಡಿಗೆ ಮಾಡಿ ಬಡಿಸಿದ್ದಳು. ಆ ಊಟಗಳೆಲ್ಲ ಚೆನ್ನಾಗಿಯೇ ಇದ್ದವು. "ಕೈಗೆ ಬೆಣ್ಣೆ ಹಚ್ಕೊಂಡ್ ಬಂದಿದೀಯೇನೋ" ಎಂದು ನಾನು ಓದಿದಾಗ ಒಬ್ಬ ಆಟಗಾರ ನಕ್ಕೂ ನಕ್ಕೂ ನೆತ್ತಿಗೆ ಹತ್ತಿಸಿಕೊಂಡಿದ್ದ. ಮೈದಾನದಲ್ಲಿ ನೀನು ತಾನು ಎಂದವರನ್ನು ಮನೆಯಲ್ಲಿ "ಬನ್ನಿ, ಕೂತ್ಕೊಳ್ಳಿ" ಎನ್ನುವುದರಲ್ಲಿ ಒಂದು ಸುಖವೂ ಇತ್ತು.

ಬೋರಲಿಂಗನ ಬಗ್ಗೆ ನನಗಿದ್ದದ್ದು ಹಳೆಯ ತಕರಾರು. ಅವನು ಎರಡೂ ಆಟಗಳಲ್ಲಿ ಸಂಬಳದ ಆಟಗಾರ. ಚಳಿಗಾಲದಲ್ಲಿ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ, ಬೇಸಗೆಯಲ್ಲಿ ಬೇಸ್‌ಬಾಲ್ ಮೈದಾನದ ದೂರದ ಅಂಚಿನಲ್ಲಿ. ಮೂವತ್ತಮೂರು ವರ್ಷ, ಮಾತು ಕಡಿಮೆ, ಉದ್ದನೆಯ ಕೈ. ಎರಡು ಆಟ ಆಡುವವನು ಒಂದನ್ನೂ ಆಡುವುದಿಲ್ಲ ಎಂದು ನಾನು ಬಷೀರನಿಗೆ ಹೇಳುತ್ತಲೇ ಇದ್ದೆ. ಆದರೂ ಅವನ ಹೆಸರು ಹಿಡಿದು ಒಮ್ಮೆಯೂ ಕೂಗಿರಲಿಲ್ಲ, ಬೈಯುವಂಥ ತಪ್ಪನ್ನೇ ಅವನು ಮಾಡುತ್ತಿರಲಿಲ್ಲ.

ಆ ವರ್ಷ ಯುಗಾದಿಗೆ ಇನ್ನೂ ಒಂದು ತಿಂಗಳಿತ್ತು. ಬೆಳಗಿನ ಹೊತ್ತು ಬೋರಲಿಂಗ ಮತ್ತು ಅವನ ಹೆಂಡತಿ ಜಯಶೀಲ ನಿಲ್ದಾಣಕ್ಕೆ ಓಡುತ್ತಾ ಬಂದರು. ಅವನು ಒಂದು ಬಟ್ಟೆಯ ಗಂಟನ್ನು ಎದೆಗೆ ಅವುಚಿಕೊಂಡಿದ್ದ. ಇಪ್ಪತ್ತು ದಿನದ ಮಗು. ದೊಡ್ಡಾಸ್ಪತ್ರೆಗೆ ಹೋಗುವ ಮೊದಲ ಬಸ್ಸು ಯಾವುದು ಎಂದು ಕೇಳಿದ. ಹೊರಟಿದ್ದ ಬಸ್ಸನ್ನು ನಾನೇ ಮೈಕಿನಲ್ಲಿ ಕೂಗಿ ನಿಲ್ಲಿಸಿ ಹತ್ತಿಸಿದೆ. ನಾಲ್ಕು ದಿನದ ಮೇಲೆ ಅವರಿಬ್ಬರು ಅದೇ ಬಸ್ಸಿನಿಂದ ಇಳಿದರು. ಅವನ ಎರಡೂ ಕೈ ಬರಿದಾಗಿದ್ದವು. ಅವರು ನನ್ನ ಕಡೆ ನೋಡಿದ ಹಾಗಾಯಿತು. ನಾನು ಮೈಕಿನ ಕಡೆ ತಿರುಗಿ, ಹೊರಡಲು ಇನ್ನೂ ಅರ್ಧ ಗಂಟೆಯಿದ್ದ ಬಸ್ಸೊಂದನ್ನು ಕೂಗತೊಡಗಿದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ಜನ ನನ್ನ ಪರ ವಹಿಸಿ, "ಪಾಪ, ಅವರಿಗೆ ಗೊತ್ತಿರ್ಲಿಲ್ಲ" ಎಂದರು. ನನಗೆ ಗೊತ್ತಿತ್ತು.

ಬೇಸಗೆಯ ಕೊನೆಗೆ ಬೇಸ್‌ಬಾಲ್ ಫೈನಲ್. ಹೊಳೆಯಾಚೆ ಊರಿನ ತಂಡದ ಮೇಲೆ. ನಾವು ಒಂದೇ ಒಂದು ರನ್ ಮುಂದಿದ್ದೆವು, ಅವರ ಕೊನೆಯ ಒಬ್ಬ ಆಟಗಾರ ಔಟಾದರೆ ಕಪ್ ನಮ್ಮದು, ಹತ್ತೊಂಬತ್ತು ವರ್ಷದ ಮೇಲೆ. ಅವನು ಬೀಸಿದ ಚೆಂಡು ಮುಗಿಲಿಗೆ ಹೋಯಿತು. ಬೋರಲಿಂಗ ಅದರ ಕೆಳಗೆ ಬಂದು ನಿಂತ. ಓಡಬೇಕಾಗಿರಲಿಲ್ಲ, ಹಾರಬೇಕಾಗಿರಲಿಲ್ಲ. ಇಡೀ ಊರು ಎದ್ದು ನಿಂತಿತ್ತು. ಚೆಂಡು ಅವನ ಕೈಗವಸಿನೊಳಗೆ ಬಿತ್ತು, ಆಮೇಲೆ ಹೊರಗೆ ಉರುಳಿತು. ಅಷ್ಟರಲ್ಲಿ ಅವರ ಇಬ್ಬರು ಓಡಿ ಎರಡು ರನ್ ಮಾಡಿಬಿಟ್ಟರು. ನಾವು ಸೋತೆವು.

ಯಾರೂ ಉಸಿರೆತ್ತಲಿಲ್ಲ. ಕೆಮ್ಮಲಿಲ್ಲ ಕೂಡ. ಬಷೀರನ ಮೊಣಕೈ ನನ್ನ ಪಕ್ಕೆಗೆ ತಾಗಿತು. ಬಾಯಿಗೆ ವಾಕ್ಯ ಸಿದ್ಧವಾಗಿ ಬಂದುಬಿಟ್ಟಿತ್ತು, ತೂಕ, ಲಯ ಎಲ್ಲ ಸರಿಯಾಗಿ. ಅದು ಎಂಥ ಮಾತು ಎಂದು ಹೊಳೆಯಲು ಒಂದು ಕ್ಷಣ ಇತ್ತು. ಹೊಳೆಯಿತು ಕೂಡ. ಆದರೆ ಅಷ್ಟು ಚೆನ್ನಾಗಿ ಕೂಡಿಬಂದ ಮಾತನ್ನು ಬಿಡಲು ಮನಸ್ಸಾಗಲಿಲ್ಲ.

"ಬೋರಲಿಂಗ! ಮನೇಲೂ ಕೈ ಜಾರಿಸ್ದೆ, ಮೈದಾನದಲ್ಲೂ ಕೈ ಜಾರಿಸ್ದೆ! ಇನ್ನೇನು ಉಳೀತಪ್ಪಾ ನಿನ್ ಕೈಲಿ?"

ನಾಲ್ಕು ಸಾಲು ನಕ್ಕಿತು. ಆಮೇಲೆ ನಗು ಹಿಂದಿನ ಸಾಲುಗಳಿಗೆ ಹೋಯಿತು, ಅಲ್ಲೆಲ್ಲೋ ನಿಂತುಹೋಯಿತು. ಬೋರಲಿಂಗ ದೂರದ ಅಂಚಿನಲ್ಲಿ ಬಗ್ಗಿ ಚೆಂಡು ಎತ್ತಿಕೊಳ್ಳುತ್ತಿದ್ದವನು ಹಾಗೇ ಸ್ವಲ್ಪ ಹೊತ್ತು ಬಗ್ಗಿಯೇ ಇದ್ದ.

ಫ್ಲೋರಾ ಟೀಚರ್ ಪುಸ್ತಕ ಹಿಡಿದು ಬಂದರು. ನನಗೆ ಮೂರನೇ ಕ್ಲಾಸಿನಲ್ಲಿ ಕಾಗುಣಿತ ಕಲಿಸಿದವರು. "ಇನ್ನೊಂದ್ಸಲ ಹೇಳಿ, ವಿರೂಪಾಕ್ಷ. ಸರಿಯಾಗಿ ಬರ್ಕೋಬೇಕು" ಎಂದರು. ಯಾವತ್ತೂ "ಹೇಳೋ" ಎನ್ನುತ್ತಿದ್ದವರು. ನಾನು ಮೆಲ್ಲಗೆ ಹೇಳಿದೆ. ಅವರು ಒಂದೊಂದೇ ಅಕ್ಷರ ದುಂಡಗೆ ಬರೆದುಕೊಂಡು, ನನ್ನ ಮುಖ ನೋಡದೆ ಹೋದರು.

ಮನೆಯಲ್ಲಿ ಗಿರಿಜಾ, "ಈ ಸಲ ಯಾರು?" ಎಂದಳು.

"ಬೋರಲಿಂಗ. ಭಾನುವಾರ."

"ಅಯ್ಯೋ, ಅವರಾ? ಮಗು ಹೋದೋರು? ಏನಂದ್ರಿ ಅವರಿಗೆ?"

"ಚೆಂಡು ಬಿಟ್ಟ ಅಂತ ಅಂದೆ. ಇನ್ನೇನು."

ಅವಳು ಭಾನುವಾರ ಐದು ಗಂಟೆಗೇ ಎದ್ದಳು. ಕೋಸಂಬರಿ, ಎರಡು ಬಗೆ ಪಲ್ಯ, ತೊವ್ವೆ, ಹುಳಿ, ಚಿತ್ರಾನ್ನ. ಬೇಳೆ ಒಬ್ಬಟ್ಟು ತಟ್ಟುವಾಗ, "ಆ ಹುಡುಗೀನೂ ಬಂದ್ರೆ ಚೆನ್ನಾಗಿತ್ತು, ಮನೇಲಿ ಕೂತು ಕೂತು ಕೊರಗ್ತಿರ್ತಾಳೆ" ಎಂದಳು. ಬರುವುದು ಬೇಡ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಇಬ್ಬರೂ ಬಂದರು. ಬೋರಲಿಂಗ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದ. ಜಯಶೀಲ ಒಂದು ಚಿಪ್ಪು ಬಾಳೆಹಣ್ಣನ್ನು ಗಿರಿಜಾಳ ಕೈಗೆ ಕೊಟ್ಟು, ನನಗೆ ನಮಸ್ಕಾರ ಮಾಡಿದಳು. ನಾನು ಚೀಟಿ ಎಲ್ಲಿದೆ ಎಂದು ನೋಡಿದೆ. ಅವನ ಜೇಬಿನಿಂದ ಅದರ ತುದಿ ಕಾಣುತ್ತಿತ್ತು.

ಅವರು ಚೆನ್ನಾಗಿಯೇ ಊಟ ಮಾಡಿದರು. ನಾನು ಒಬ್ಬಟ್ಟನ್ನು ಎಲೆಯಲ್ಲೇ ಬಿಟ್ಟೆ. ಹೆಂಗಸರು ಒಳಗೆ ಹೋದರು. ಹಿತ್ತಲಲ್ಲಿ ನಾನು ಬೋರಲಿಂಗನ ಕೈಗೆ ನೀರು ಹಾಕುತ್ತಿದ್ದಾಗ ಅವನು ಬಗ್ಗಿಕೊಂಡೇ ಹೇಳಿದ:

"ಸಾರ್, ಒಂದು ಮಾತು. ಅದನ್ನ ಓದ್ಬೇಡಿ. ಅವಳಿಗೆ ಗೊತ್ತಿಲ್ಲ. ಅವತ್ತು ಆಟಕ್ಕೆ ಬಂದಿರ್ಲಿಲ್ಲ. ಬೇರೆ ಏನಾದ್ರೂ ಓದಿಬಿಡಿ, ನಾನು ರುಜು ಹಾಕ್ತೀನಿ."

"ಬೋರಲಿಂಗಪ್ಪ, ನಾನು..."

"ಬೇಡ ಸಾರ್. ಏನಾದ್ರೂ ಓದಿ ಸಾಕು." ಕೈ ಒರೆಸಿಕೊಂಡು ಒಳಗೆ ಹೋದ.

ನಡುಮನೆಯಲ್ಲಿ ನಾವಿಬ್ಬರೂ ಕೂತೆವು. ಗಿರಿಜಾ ಮತ್ತು ಜಯಶೀಲ ಅಡಿಗೆಮನೆಯ ಬಾಗಿಲಲ್ಲಿ ನಿಂತರು. ಬೋರಲಿಂಗ ಚೀಟಿ ಕೊಟ್ಟ. ಫ್ಲೋರಾ ಟೀಚರ ದುಂಡನೆಯ ಅಕ್ಷರ, ಎಲ್ಲಿಯೂ ಕಾಟಿಲ್ಲ ಗೀಟಿಲ್ಲ. ಆ ಅಕ್ಷರಗಳನ್ನು ನೋಡುತ್ತಾ ನಾನು ಗಂಟಲು ಸರಿಮಾಡಿಕೊಂಡು, ಮೈಕಿನ ಮುಂದೆ ನಿಂತಾಗಿನ ದನಿಯಲ್ಲಿ ಓದಿದೆ: "ಬೋರಲಿಂಗ, ಎರಡು ಆಟ ಆಡೋನು ಒಂದನ್ನೂ ಆಡಲ್ಲ ಕಣೋ! ಬುಟ್ಟಿ ಹುಡುಕ್ತಾ ನಿಂತ್ಕೊಂಡ್ಯಾ, ಅಲ್ಲಿರೋದು ಬೇಸ್‌ಬಾಲು!"

ಬೋರಲಿಂಗ ನಕ್ಕ. ಅವನ ಭುಜಗಳು ಇಳಿದದ್ದನ್ನು ಕಂಡೆ. ಜಯಶೀಲ ಗಂಡನ ಮುಖವನ್ನೇ ನೋಡುತ್ತಿದ್ದವಳು, ಒಂದು ಗಳಿಗೆ ಬಿಟ್ಟು, ತಾನೂ ನಕ್ಕಳು. "ನಾನೂ ಅದೇ ಹೇಳ್ತಿರ್ತೀನಿ ಸಾರ್ ಇವರಿಗೆ" ಎಂದಳು. ಅವನು ರುಜು ಹಾಕಿದ. ಎಲೆಯಡಿಕೆ ಹಾಕಿಕೊಂಡು, ಬಾಗಿಲಲ್ಲಿ ಮತ್ತೆ ತಲೆ ಬಗ್ಗಿಸಿ ಹೋದರು.

ಈಗ ನೆನೆದರೆ ಮೈ ಹಿಡಿಯಾಗುವುದು ಇದಕ್ಕೆ: ಅವರು ಹೋದ ಮೇಲೆ ನನಗೆ ಹಗುರಾಗಿತ್ತು. ಹಗುರಷ್ಟೇ ಅಲ್ಲ, ಖುಷಿಯಾಗಿತ್ತು. ಎಷ್ಟು ಬೇಗ ಹೊಳೆಯಿತು ನೋಡು ಆ ಬುಟ್ಟಿಯ ಮಾತು, ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ. ಆರಾಮಕುರ್ಚಿಯಲ್ಲಿ ಕೂತು ಕಾಲು ಚಾಚಿದೆ.

ಗಿರಿಜಾ ಸೆರಗಿಗೆ ಕೈ ಒರೆಸುತ್ತಾ ಬಂದು ಎದುರಿಗೆ ನಿಂತಳು. "ಚೀಟೀಲಿ ಏನಿತ್ತು?"

"ಓದಿದ್ನಲ್ಲ."

"ಏನಿತ್ತು ಅಂತ ಕೇಳ್ದೆ."

ನಾನು ಚಾಚಿದ್ದ ಕಾಲು ಮಡಚಿಕೊಂಡೆ.

"ನೀವು ಹಿತ್ತಲಲ್ಲಿ ನೀರು ಹಾಕ್ತಿದ್ದಾಗ ಆ ಹುಡುಗಿ ನನಗೆ ಹೇಳಿದ್ಲು. ಅವತ್ತು ಸಂಜೇನೇ ನಲ್ಲಿ ಹತ್ರ ಯಾರೋ ಹೇಳಿದ್ರಂತೆ. ತನಗೆ ಗೊತ್ತಿರೋದು ಗಂಡನಿಗೆ ಗೊತ್ತಾಗ್ಬಾರ್ದು ಅಂತ ಸುಮ್ಮನಿದ್ದಾಳೆ. 'ಅಮ್ಮ, ಅದನ್ನ ಅವರ ಬಾಯಿಂದ ಕೇಳೋಣ ಅಂತಲೇ ಬಂದೆ, ಕೇಳಿಬಿಟ್ರೆ ಮನಸ್ಸಿಂದ ಹೋಗ್ಬಹುದು' ಅಂದ್ಲು." ಗಿರಿಜಾಳ ದನಿ ಏರಲಿಲ್ಲ. "ನಾವಿಬ್ರೂ ಬಾಗಿಲಲ್ಲಿ ಕೈ ಹಿಡ್ಕೊಂಡು ನಿಂತಿದ್ವಿ. ನೀವು ಬಸ್ ಸ್ಟ್ಯಾಂಡ್ ದನೀಲಿ ಸುಳ್ಳು ಓದಿದ್ರಿ. ಅವಳು ಗಂಡನ ಮುಖ ನೋಡಿ ನಕ್ಕಳು. ನಾನು ಏನ್ ಮಾಡ್ಬೇಕಿತ್ತು?"

"ಅವನೇ ಕೇಳ್ಕೊಂಡ ಕಣೇ, ಓದ್ಬೇಡಿ ಅಂತ."

"ಗೊತ್ತಾಯ್ತು. ನಾನು ಕೇಳ್ತಿರೋದು ಅದಲ್ಲ. ನನಗೆ ಚೆಂಡಿನ ಮಾತು ಹೇಳಿ ಒಬ್ಬಟ್ಟು ಮಾಡಿಸ್ಕೊಂಡ್ರಲ್ಲ." ಅವಳು ಒಳಗೆ ಹೋಗುತ್ತಾ ಹೇಳಿದಳು, "ಹನ್ನೆರಡು ಸಲ ನಿಮ್ಮ ಬಾಯಿಗೆ ಅಡಿಗೆ ಮಾಡಿದೀನಿ. ಎಲ್ಲಾ ಸಲಾನೂ ಖುಷಿಯಾಗೇ ಮಾಡ್ದೆ. ಇನ್ಮೇಲೆ ಆಗಲ್ಲ."

ಚೀಟಿಯನ್ನು ಫ್ಲೋರಾ ಟೀಚರಿಗೆ ತಲುಪಿಸಿದೆ. ರುಜು ನೋಡಿ ಅವರು ಪುಸ್ತಕಕ್ಕೆ ಅಂಟಿಸಿದರು. ನಿಯಮದ ಪ್ರಕಾರ ನನ್ನದು ಮುಗಿದಿತ್ತು.

ಮುಗಿಯಲಿಲ್ಲ. ಮಳೆಗಾಲದಲ್ಲಿ ಒಂದು ದಿನ ನಿಲ್ದಾಣದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಮಾಣಿಯ ಕೈಯಿಂದ ಲೋಟಗಳ ತಟ್ಟೆ ಜಾರಿ ಬಿತ್ತು. ಮೂಲೆಯಲ್ಲಿದ್ದ ಯಾರೋ, "ಮನೇಲೂ ಕೈ ಜಾರಿಸ್ದೆ, ಮೈದಾನದಲ್ಲೂ ಕೈ ಜಾರಿಸ್ದೆ!" ಎಂದು ಕೂಗಿದ. ನನ್ನ ದನಿಯನ್ನೇ ಅನುಕರಿಸಿ, ಕೊನೆಯಲ್ಲಿ ಬಸ್ಸಿನ ಹೆಸರು ಎಳೆಯುವ ಹಾಗೆ ಎಳೆದು. ಇಡೀ ಹೋಟೆಲು ನಕ್ಕಿತು. ಗಲ್ಲಾದಲ್ಲಿದ್ದವರು ನನ್ನ ಕಡೆ ಬೆರಳು ತೋರಿಸಿ, "ಇವರದ್ದೇ ಕಣ್ರೀ ಆ ಡೈಲಾಗು" ಎಂದು ಹೆಮ್ಮೆಯಿಂದ ಹೇಳಿದರು. ಆಮೇಲೆ ಎಲ್ಲೆಲ್ಲೂ ಅದು ಕೇಳತೊಡಗಿತು. ತರಕಾರಿ ಸಂತೆಯಲ್ಲಿ, ಶಾಲೆಯ ಬಯಲಿನಲ್ಲಿ. ಅದು ಏನೆಂದು ಗೊತ್ತಿಲ್ಲದವರೂ ಹೇಳುತ್ತಿದ್ದರು. ಆ ಮಾತು ಕೇಳಿಸದ ಹಾಗೆ ಜಯಶೀಲ ಈ ಊರಿನಲ್ಲಿ ಒಂದು ಸೊಪ್ಪಿನ ಕಟ್ಟು ತರುವುದಕ್ಕೂ ಸಾಧ್ಯವಿರಲಿಲ್ಲ.

ಮೈಕ್ ಹಿಡಿದರೆ ನನ್ನ ದನಿಯೇ ನನಗೆ ಹೇಸಿಗೆಯಾಗುತ್ತಿತ್ತು. ಮಧ್ಯಾಹ್ನದ ಪಾಳಿಯನ್ನು ಜೊತೆಯವನಿಗೆ ಬಿಟ್ಟುಕೊಟ್ಟೆ. ಬ್ಯಾಸ್ಕೆಟ್‌ಬಾಲ್ ಶುರುವಾದರೂ ಕ್ರೀಡಾಂಗಣದ ಕಡೆ ಹೋಗಲಿಲ್ಲ. ಬಷೀರ್ ಮನೆಗೇ ಬಂದ. "ನೀವಿಲ್ದೆ ಮೂರನೇ ಸಾಲು ಸಪ್ಪೆ ಸಾರ್. ಗಂಟಲು ಸರಿಯಿಲ್ವಾ?" ಎಂದ. ಹೌದು ಎಂದೆ.

ಅವರೆಕಾಯಿ ಬಂದ ಕಾಲ. ಒಂದು ಸಂಜೆ, ಬೋರಲಿಂಗ ಅಭ್ಯಾಸಕ್ಕೆ ಹೋಗಿರುವ ಹೊತ್ತು ನೋಡಿಕೊಂಡು, ಆಟಗಾರರ ಲೈನ್ ಮನೆಗಳ ಕಡೆ ಹೋದೆ. ಜಯಶೀಲ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಕಾಯಿ ಸುಲಿಯುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು.

"ಅವರು ಇಲ್ಲ ಸಾರ್."

"ಗೊತ್ತು. ನಿಮ್ಮನ್ನೇ ನೋಡೋಕೆ ಬಂದೆ. ಅವತ್ತು ನಾನು ಸರಿಯಾಗಿ ಓದಲಿಲ್ಲ."

ಅವಳು ಮತ್ತೆ ಕೂತಳು. ಒಂದು ಕಾಯಿ ತೆಗೆದುಕೊಂಡಳು, ಸುಲಿಯಲಿಲ್ಲ. "ಹಾಗಿದ್ರೆ ಈಗ ಹೇಳಿ" ಎಂದಳು.

ಚೀಟಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಜಗಲಿಯ ಕೆಳಗೆ ಚಪ್ಪಲಿ ಬಿಟ್ಟು ನಿಂತು ಹೇಳಿದೆ. ಮೂರು ವಾಕ್ಯ. ಕ್ರೀಡಾಂಗಣದ ಕೊನೆಯ ಸಾಲಿಗೆ ಮುಟ್ಟಿದ್ದ ಮಾತು ಅಲ್ಲಿ ಮೊರದವರೆಗೆ ಮುಟ್ಟಿತೋ ಇಲ್ಲವೋ. ಕೊನೆಯ ವಾಕ್ಯದಲ್ಲಿ ದನಿ ಹೊರಡಲೇ ಇಲ್ಲ, ಮತ್ತೊಮ್ಮೆ ಹೇಳಬೇಕಾಯಿತು. "ನನಗೆ ಮಗು ವಿಷಯ ಗೊತ್ತಿತ್ತು" ಎಂದೂ ಹೇಳಿದೆ. "ಗೊತ್ತಿದ್ದೇ ಅಂದೆ."

ಅವಳು ಸುಲಿಯದ ಕಾಯಿಯನ್ನು ಬೆರಳಲ್ಲಿ ತಿರುಗಿಸಿದಳು. "ಬಸ್ಸಲ್ಲಿ ಮಗೂನ ನನ್ನ ಕೈಗೂ ಕೊಡ್ಲಿಲ್ಲ ಸಾರ್ ಅವರು" ಎಂದಳು. "ಎರಡು ಗಂಟೆ ದಾರಿ. ಹಾಲು ಕುಡಿಸೋಕೆ ಕೊಡಿ ಅಂದ್ರೂ ಎದೆಗೆ ಒತ್ಕೊಂಡೇ ಕೂತಿದ್ರು. ಆಸ್ಪತ್ರೇಲಿ ಇಬ್ರು ನರ್ಸ್ ಸೇರ್ಕೊಂಡು ಅವರ ಕೈ ಬಿಡಿಸ್ಬೇಕಾಯ್ತು. ಅವರು ಜಾರಿಸ್ಲಿಲ್ಲ."

"ಇಲ್ಲ" ಎಂದೆ.

"ಅಷ್ಟು ನಿಮಗೆ ಗೊತ್ತಿರ್ಬೇಕು ಅಂತ ಹೇಳ್ದೆ." ಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದಳು. "ಭಾನುವಾರ ಊಟಕ್ಕೆ ಬನ್ನಿ. ಅಮ್ಮನ್ನೂ ಕರ್ಕೊಂಡ್ ಬನ್ನಿ. ನಮ್ಮನೆಯವರಿಗೆ ಮಾತ್ರ ಇದೇನೂ ಹೇಳ್ಬೇಡಿ."

ಆಟಗಾರನ ಮನೆಯಲ್ಲಿ ಬೈದವನು ಊಟ ಮಾಡಿದ್ದನ್ನು ನಮ್ಮ ಊರು ಕಂಡಿರಲಿಲ್ಲ. ಗಿರಿಜಾಳಿಗೆ ಹೇಳಿದಾಗ ಅವಳು ನನ್ನನ್ನು ಒಂದು ಸಲ ನೋಡಿ, ಟ್ರಂಕಿನಿಂದ ಒಳ್ಳೆಯ ಸೀರೆ ತೆಗೆದಳು. ಭಾನುವಾರ ಲೈನ್ ಮನೆಗಳ ಮುಂದೆ ನಾವು ನಡೆದುಹೋಗುವಾಗ ಬಾಗಿಲು ಬಾಗಿಲಲ್ಲಿ ಜನ ನಿಂತು ನೋಡಿದರು.

ಬಿಸಿ ಮುದ್ದೆ, ಹಿತಕಿದ ಬೇಳೆ ಸಾರು. ಬೋರಲಿಂಗ ನನ್ನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದ, ಅವನ ಮಂಡಿ ನನ್ನ ತಟ್ಟೆಯವರೆಗೆ ಬರುತ್ತಿತ್ತು. ಅವನಿಗೆ ನಾವು ಬಂದದ್ದು ನಿಜವಾಗಿ ಸಂತೋಷವಾಗಿತ್ತು. ಹೆಂಗಸರು ಒಳಗೆ ಹೋದಾಗ ದನಿ ತಗ್ಗಿಸಿ ಹೇಳಿದ, "ಸಾರ್, ಅವತ್ತು ನೀವು ಬದಲಿಗೆ ಓದಿದ್ರಲ್ಲ, ಎರಡು ಆಟದ ಮಾತು. ಅದು ತಲೇಲೇ ಉಳ್ಕೊಂಡಿದೆ. ಬೇಸ್‌ಬಾಲ್ ಬಿಟ್ಟುಬಿಡೋಣ ಅಂತಿದೀನಿ. ಇಷ್ಟು ವರ್ಷ ನೋಡಿದೋರು ನೀವು. ಏನಂತೀರಿ?"

ಎಂಥೆಂಥ ಆಟಗಾರರ ಬಗ್ಗೆ ಕೇಳದೆಯೇ ತೀರ್ಪು ಕೊಟ್ಟಿದ್ದವನು ನಾನು. ಈಗ ಒಬ್ಬ ಆಟಗಾರ ತಾನಾಗಿ ಬಂದು ಕೇಳುತ್ತಿದ್ದ.

"ನಾನು ಒಂದು ಸಲಾನೂ ಚೆಂಡು ಹಿಡಿದವನಲ್ಲ, ಬೋರಲಿಂಗಪ್ಪ" ಎಂದೆ. "ನನ್ನ ಮಾತು ಕೇಳಿ ಏನನ್ನೂ ಬಿಡ್ಬೇಡಿ. ನೀವು ಅಷ್ಟು ದೂರದಿಂದ ಚೆಂಡಿನ ಕೆಳಗೆ ಬಂದು ನಿಲ್ಲೋದು ನೋಡೋಕೇ ನಾನು ಎಷ್ಟೋ ಸಲ ಬಂದಿದೀನಿ. ಅದನ್ನ ಯಾವತ್ತೂ ಬಾಯಿಬಿಟ್ಟು ಹೇಳಿಲ್ಲ. ಆಮೇಲೆ, ಅವತ್ತಿನ ಮಾತಿಗೆ..."

"ಶ್, ಸಾರ್" ಎಂದು ಅವನು ನನ್ನ ಮೊಣಕೈ ಹಿಡಿದ. "ಒಳಗೆ ಕೇಳ್ಸುತ್ತೆ."

ಅವನಿಗೆ ಹೇಳಬೇಕಾದ್ದು ಅವಳ ಕಿವಿಗೆ ಬೀಳುವಂತಿರಲಿಲ್ಲ, ಅವಳಿಗೆ ಹೇಳಿದ್ದು ಅವನಿಗೆ ತಿಳಿಯುವಂತಿರಲಿಲ್ಲ. ಅವರಿಬ್ಬರ ನಡುವೆ ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತೆ.

ಜಯಶೀಲ ಸಾರಿನ ಪಾತ್ರೆ, ಇನ್ನೊಂದು ಮುದ್ದೆ ಹಿಡಿದುಕೊಂಡು ಬಂದಳು. ನಾನು ಎರಡೂ ಕೈಯನ್ನು ತಟ್ಟೆಗೆ ಅಡ್ಡ ಹಿಡಿದು, ಸಾಕು, ಸಾಕು ಎಂದೆ. ಅವಳು ಹೋಗಲಿಲ್ಲ. ಬಗ್ಗಿ ನಿಂತು, ನಾನು ಮುಖ ಎತ್ತುವವರೆಗೆ ಕಾದಳು.

"ನಾಚ್ಕೋಬೇಡಿ ಸಾರ್" ಎಂದಳು. "ಕೈ ತೆಗೀರಿ."

ತೆಗೆದೆ.